ಬೀದಿ ತನಕ

ಲಸಿಕೆ ಹಾಕಿಸಿಕೊಂಡ ಮೇಲೆ ಜನ ಹೆಚ್ಚು ಓಡಾಡುತ್ತಾರಾ, ಲಸಿಕೆಗಾಗಿ ಎಷ್ಟು ದೂರ ಹೋಗುತ್ತಾರೆ ಎಂದು ಫೋನುಗಳ ಲೊಕೇಶನ್ ನೋಡಿ ಲೆಕ್ಕ ಹಾಕುವುದು ಮದ್ರಾಸಿನ ಪ್ಯಾರೀಸ್ ಕಾರ್ನರ್‌ನ ನಮ್ಮ ಆಫೀಸಿನ ಕೆಲಸವಾಗಿತ್ತು. ಹೆಸರಿಲ್ಲ, ನಂಬರಿಲ್ಲ, ಮ್ಯಾಪಿನ ಮೇಲೆ ಒಂದೊಂದು ಫೋನು ಓಡಾಡಿದ ದಾರಿಯ ಬರೀ ಗೆರೆಗಳು. ಆದರೂ ಗೆರೆ ರಾತ್ರಿ ಹೋಗಿ ನಿಲ್ಲುವ ಜಾಗ ಯಾರದೋ ಮನೆಯೇ ತಾನೆ? ನಮ್ಮ ಸೀನಿಯರ್ ಮೇಡಂ ಬೆಳಿಗ್ಗೆ ಬಂದವರೇ ಕನ್ನಡಕ ಮೇಲಕ್ಕೇರಿಸಿ, ಪ್ರತಿ ಗೆರೆಯ ಆ ತುದಿಯನ್ನು ಮೊದಲು ಕತ್ತರಿಸಿ ಹಾಕುತ್ತಿದ್ದರು. ತಲೆಮಾರುಗಳಿಂದ ಮದ್ರಾಸಿನವರಾದ ಅವರ ಕನ್ನಡದಲ್ಲಿ 'ಸಾಕು' ಇರಲಿಲ್ಲ, ಆ ಜಾಗದಲ್ಲಿ ತಮಿಳಿನ 'ಪೋದುಂ' ಬಂದು ಕೂತಿತ್ತು.

"ಬೀದಿ ತನಕ ಪೋದುಂ ಕಣಮ್ಮಾ," ಅನ್ನುತ್ತಿದ್ದರು ನನಗೆ.

ಒಮ್ಮೆ ಮ್ಯಾನೇಜರ್ ಬಂದರು. ರಾಯಪುರಂನ ಲಸಿಕೆ ಕ್ಯಾಂಪಿನ ಗೇಟಿಗೆ ಬಂದು, ಒಳಗೆ ಕಾಲಿಡದೆ ವಾಪಸ್ಸಾದವರ ಮನೆಗಳು ಬೇಕಂತೆ. ಬಾಗಿಲಿಗೇ ಜನರನ್ನು ಕಳಿಸಿ ಯಾಕೆ ಅಂತ ಕೇಳಿಸುತ್ತಾರಂತೆ.

"ಮನೆ ಅಳಿಸಿಯಾಯ್ತು ಸಾರ್. ಬೀದಿ ಹೇಳ್ತೀನಿ, ಕ್ಯಾಂಪನ್ನೇ ಅಲ್ಲಿಗೆ ಕಳಿಸಿ," ಅಂದರು ಮೇಡಂ.

ಮ್ಯಾನೇಜರ್ ಕೂಗಾಡಿದರು. ಮೇಡಂ ಕನ್ನಡಕ ಏರಿಸಿಕೊಂಡು ಮುಂದಿನ ಗೆರೆಗೆ ಹೋದರು.

ಅವರು ರಿಟೈರ್ ಆದ ಮೇಲೆ, ನನ್ನ ಮದುವೆ ಪತ್ರಿಕೆ ಕೊಡಲು ಮಾಧವರಂನಲ್ಲಿದ್ದ ಅವರ ಮನೆಗೆ ಹೊರಟೆ. ಅವರ ಬೀದಿಯ ತುದಿಯಲ್ಲಿ ನಿಂತು ಫೋನ್ ಮಾಡಿ, "ಮನೆ ಗೊತ್ತಾಗ್ತಿಲ್ಲ, ಲೊಕೇಶನ್ ಕಳಿಸಿ ಮೇಡಂ," ಅಂದೆ.

"ಅಲ್ಲೇ ನಿಲ್ಲಮ್ಮಾ," ಅಂದರು.

ಸ್ವಲ್ಪ ಹೊತ್ತಿಗೆ, ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಕುಂಕುಮದ ಬಟ್ಟಲು ಹಿಡಿದು ಬೀದಿ ತುದಿಗೆ ತಾವೇ ನಡೆದು ಬಂದರು.