ಹಸುವಿಗಾಗಿ ಉಟ್ಟ ಸೀರೆ

ಬೇರೆಯವಳು ಉಟ್ಟು ಬಿಟ್ಟ ಸೀರೆಯನ್ನು ಒಗೆಯದೆ ಉಡುವುದೆಂದರೆ ನಮ್ಮ ಕಡೆ ಹೆಂಗಸರು ಮೂಗು ಮುರಿಯುತ್ತಾರೆ, ನಾನೂ ಮುರಿಯುವವಳೇ. ಆದರೂ ಒಂದು ಬೇಸಿಗೆಯೆಲ್ಲ ಪಕ್ಕದ ಮನೆ ಶಿವಮ್ಮನ ಹಸಿರು ಸೀರೆಯನ್ನು, ಅವಳ ಬೆವರಿನ ಸಮೇತ, ಹೊತ್ತಾರೆ ಸಂಜೆ ಸುತ್ತಿಕೊಂಡು ಅವರ ಕೊಟ್ಟಿಗೆಗೆ ಹೋದೆ. ಯಾಕೆಂದು ಹೇಳುತ್ತೇನೆ, ಕೇಳಿ.

ದಬ್ಬೇಘಟ್ಟದ ಕಡೆ ಬಸ್ಸುಗಳು ಇನ್ನೂ ಅಪರೂಪವಾಗಿದ್ದ ಕಾಲ. ಶಿವಮ್ಮನ ಮಗಳು ಗೌರಿ, ಹಾಲುಹಲ್ಲು ಬೀಳುತ್ತಿದ್ದ ಹುಡುಗಿ, ಕೊಬ್ಬರಿಗೆಂದು ಕಾಯಿ ತುಂಬಿಟ್ಟಿದ್ದ ಅಟ್ಟದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ತಿಪಟೂರಿನ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಅಲುಗಾಡಿದರೆ ಮೂಳೆ ಸೊಟ್ಟಗೆ ಕೂಡಿ ಜೀವಮಾನವೆಲ್ಲ ಕುಂಟಬೇಕಾದೀತು ಎಂದರು ಡಾಕ್ಟರು. ಅವ್ವ ಪಕ್ಕದಲ್ಲಿದ್ದರೆ ಮಾತ್ರ ಮಗು ಸುಮ್ಮನಿರುತ್ತಿತ್ತು. ಅವಳು ನೀರು ತರಲು ಎದ್ದರೂ ಒದ್ದಾಡುತ್ತಿತ್ತು.

ಊರಿನವರು ಸುಮ್ಮನೆ ಕೂರಲಿಲ್ಲ. ಬ್ರೆಡ್ಡು ಹಿಡಿದು ಹೋಗಿ, ಮಂಚದ ಸುತ್ತ ನಿಂತು ಲೊಚಗುಟ್ಟಿ, ಶಿವಮ್ಮನನ್ನು ಅಳಿಸಿ, ತಾವೂ ಅತ್ತು, ಬಸ್ಸು ಹತ್ತಿ ಬಂದರು. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮಗು ಆಸ್ಪತ್ರೆ ಸೇರಿದ ಮನೆಯಲ್ಲಿ ಒಲೆ, ಕೊಟ್ಟಿಗೆ, ಕಣ್ಣು ಮಂಜಾದ ಅತ್ತೆ ಎಲ್ಲವೂ ಇದ್ದಲ್ಲೇ ಇರುತ್ತವೆ, ಅತ್ತು ಬಂದರೆ ಅವುಗಳಲ್ಲಿ ಒಂದರ ಹೊಟ್ಟೆಯೂ ತುಂಬುವುದಿಲ್ಲವೆಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಶಿವಮ್ಮನ ಹಸು ಅವಳೊಬ್ಬಳಿಗೇ ಕೆಚ್ಚಲು ಮುಟ್ಟಗೊಡುತ್ತಿತ್ತು. ಕರೆಯುವವರಿಲ್ಲದೆ ಕೆಚ್ಚಲು ಕಲ್ಲಾದಾಗ ಅವಳ ಗಂಡ ರುದ್ರಣ್ಣ ನನ್ನ ಬಾಗಿಲಿಗೆ ಬಂದ.

"ಒದೆ ತಿಂದು ಸಾಕಾಯ್ತು ಕಣಕ್ಕ. ಅವ್ಳನ್ನೇ ಕರ್ಕೊಂಡು ಬತ್ತೀನಿ. ಆಸ್ಪತ್ರೇಲಿ ನಮ್ಮವ್ವ ಇರ್ತಾಳೆ."

"ನಿಮ್ಮವ್ವಂಗೆ ಮಂಚ ಯಾವ್ದು, ಮಗು ಯಾವ್ದು ಕಾಣಲ್ಲ. ಹಸೀಗೋಸ್ಕರ ಮಗೀನ ಕುಂಟಿ ಮಾಡ್ತೀಯೇನ್ಲಾ? ಶಿವಮ್ಮನ ಸೀರೆ ತಾ."

ಅವನು ಮರ್ಯಾದೆಗೆಂದು ಒಗೆದು ಮಡಿಸಿಟ್ಟಿದ್ದನ್ನೇ ತಂದ. ಉಟ್ಟು ಕೂತೆ. ಹಸು ಒಮ್ಮೆ ಮೂಸಿ, ಚೊಂಬಿನ ಸಮೇತ ನನ್ನನ್ನು ಗಂಜಲದಲ್ಲಿ ಉರುಳಿಸಿತು.

"ಲೇ ಪೆದ್ದ, ಉಟ್ಟು ಬಿಟ್ಟಿದ್ದು ತಾರ್ಲಾ! ಅದಕ್ಕೆ ಬೇಕಾಗಿರೋದು ನಿನ್ನ ಹೆಂಡ್ತಿ ವಾಸ್ನೆ, ಸೋಪಿಂದಲ್ಲ."

ಹಸಿರು ಸೀರೆ ಬಂತು. ಸೆರಗು ಹೊದ್ದು, ಬಾಯಿ ಬಿಡದೆ ಕೂತೆ. ಹಸು ಮೂಸಿತು, ಯೋಚಿಸಿತು, ಹಾಲು ಇಳಿಸಿತು. ವಾಸನೆ ಮಾಸಿದಾಗಲೆಲ್ಲ ರುದ್ರಣ್ಣ ಸೀರೆಯನ್ನು ಚೀಲಕ್ಕೆ ತುರುಕಿ ತಿಪಟೂರಿಗೆ ಒಯ್ಯುವನು. ಶಿವಮ್ಮ ಮಗಳ ಪಕ್ಕ ಕೂತೇ ಅದನ್ನು ಉಟ್ಟು, ಬೆವರಿ, ಕಳಿಸುವಳು. "ಏನ್ ರುದ್ರಣ್ಣ, ಸೀರೆ ವ್ಯಾಪಾರ ಹಿಡ್ದ್ಯಾ?" ಎಂದು ಕಂಡಕ್ಟರು ಕಿಚಾಯಿಸಿದರೆ, "ಹೂಂ ಕಣಪ್ಪ, ಗಿರಾಕಿ ಒಬ್ಳೇ, ಕೊಂಬಿರೋಳು" ಎಂದನಂತೆ.

ಮೊದಲ ಮಳೆ ಬಿದ್ದ ಮೇಲೆ ಗೌರಿ ಬಸ್ಸಿಳಿದಳು. ಅಳುವುದಕ್ಕೆ ಸೆರಗು ಸಿದ್ಧಮಾಡಿಕೊಂಡು ಊರೇ ನಿಂತಿತ್ತು. ಎತ್ತಿಕೊಳ್ಳಲು ಅಪ್ಪ ಕೈ ಚಾಚಿದ.

"ಬುಡಪ್ಪ, ನಾನೇ ನಡೀತೀನಿ."

ಮೊದಲು ಬೀದಿ ಬದಿಯ ಗೋಡೆ ಹಿಡಿದಳು, ಆಮೇಲೆ ಗೋಡೆ ಬಿಟ್ಟಳು, ಎರಡು ಕಾಲನ್ನೂ ನೆಟ್ಟಗೆ ಊರಿಕೊಂಡು ಜನರ ನಡುವೆ ಹಾದುಹೋದಳು. ಶಿವಮ್ಮ ನನ್ನ ಕಾಲಿಗೆ ಬಗ್ಗಿದಳು.

"ಎದ್ದೇಳೇ, ನಿನ್ನ ಮಗಳು ಅಕೋ ತಿರುವು ದಾಟಿದ್ಲು!"

ಅವಳನ್ನು ಹಿಡಿಯಲು ನಾವಿಬ್ಬರೂ ಓಡಬೇಕಾಯಿತು.