ಸರ್ಜನ್ ಹಾಕಿದ ಗಂಟು

ಸ್ವೋರ್ಡ್ಸ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಸರ್ಜನ್. ಬೇಸಿಗೆಗೆ ಮೋಟಾರು ದೋಣಿ ಬಾಡಿಗೆಗೆ ಹಿಡಿದು ಎರಡೂ ಮನೆಯವರು ಶಾನನ್ ನದಿ ಸುತ್ತುವುದೆಂದು ತೀರ್ಮಾನವಾದ ದಿನದಿಂದ ಅವರ ಡೈನಿಂಗ್ ಟೇಬಲ್ಲೇ ದೋಣಿಯಾಯಿತು. ರಾಹುಕಾಲದಲ್ಲಿ ನದಿಯ ಯಾವ ಲಾಕ್ ಗೇಟನ್ನೂ ದಾಟದಂತೆ ಅವರು ವೇಳೆ ಹೊಂದಿಸಿದರು. ನಾನು ಕುರ್ಚಿಯ ಕಾಲಿಗೆ ಹಗ್ಗ ಕಟ್ಟಿ ಅಭ್ಯಾಸ ಮಾಡಿದರೆ ಅದನ್ನು ಬಿಚ್ಚಿ ತಾವೇ ಕಟ್ಟುತ್ತಿದ್ದರು.

"ನಾನು ಹಾಕಿದ ಗಂಟು ಬಿಚ್ಚಲ್ಲ ಕಣ್ರೀ."

ಲಾಕ್ ಎಂದರೆ ಎರಡು ಗೇಟುಗಳ ನಡುವಿನ ತೊಟ್ಟಿ. ನೀರು ಇಳಿಸಿ ದೋಣಿಯನ್ನು ಕೆಳಮಟ್ಟಕ್ಕೆ ಕಳುಹಿಸುತ್ತಾರೆ. ಮೊದಲ ಲಾಕ್‌ನಲ್ಲಿ ಡಾಕ್ಟರು ದಡದ ಗೂಟಕ್ಕೆ ಹಗ್ಗ ಬಿಗಿದು ಕಾಫಿ ಕೇಳಿದರು. ನೀರು ಇಳಿದಂತೆ ಹಗ್ಗ ಸಡಿಲ ಬಿಡಬೇಕೆಂಬುದು ಅವರ ಯೋಜನೆಯಲ್ಲಿರಲಿಲ್ಲ. ನೀರು ಇಳಿಯಿತು, ದೋಣಿ ಇಳಿಯಲಿಲ್ಲ. ಒಂದು ಮಗ್ಗುಲಿಗೆ ವಾಲಿಕೊಂಡಿತು. ಮೊಸರನ್ನದ ಡಬ್ಬಿ ಜಾರಿ ನೀರಿಗೆ ಬಿತ್ತು.

"ಬಿಚ್ರೀ ಬೇಗ," ಎಂದರು ಅವರ ಹೆಂಡತಿ, ಕಂಬಿಗೆ ಜೋತುಬಿದ್ದು.

ಡಾಕ್ಟರು ದಡಕ್ಕೆ ಹಾರಿ ಗಂಟಿಗೆ ಉಗುರು ಹಾಕಿದರು, ಮಂಡಿಯೂರಿ ಹಲ್ಲೂ ಹಾಕಿದರು. ಲಾಕ್ ಕಾಯುವಾತ ನೀರು ನಿಲ್ಲಿಸಿ ಬಂದು ಚಾಕುವಿನಿಂದ ಹಗ್ಗ ಕೊಯ್ದ. ದೋಣಿ ದಪ್ಪೆಂದು ಕೂತಿತು. "ಗ್ರ್ಯಾಂಡ್," ಎಂದು, ಎಲ್ಲ ಸರಿಹೋಯಿತು ಎಂಬಂತೆ, ಆತ ಹೊರಟುಹೋದ.

ಡಾಕ್ಟರು ಮಾತ್ರ ಏಳಲಿಲ್ಲ. ಗೂಟದಲ್ಲಿ ಉಳಿದ ತುಂಡು ಹಗ್ಗವನ್ನು ಎಳೆದು ಪರೀಕ್ಷಿಸಿ, ಮೇಲಿನಿಂದ ನನ್ನತ್ತ ಬಗ್ಗಿದರು.

"ನೋಡಿದ್ರಾ? ಬಿಚ್ಚಲಿಲ್ಲ."