ಮೂರು ದೇಶಗಳಿಗಾಗಿ ಬಿದ್ದವನು

ಪೈಲ್ವಾನ ಇಪ್ಪತ್ತು ವರ್ಷ ಕುಸ್ತಿಯಾಡಿ, ಕಂಡವರ ಮೂಗು ಒಡೆದು, ತನ್ನ ಮೂರು ಪಕ್ಕೆಲುಬು ಮುರಿಸಿಕೊಂಡವನು. ಮನೆಯಲ್ಲೂ ಕೈ ಸುಮ್ಮನಿರಲಿಲ್ಲ. ಅವನ ಏಟು ತಿಂದೇ ಬೆಳೆದ ಮಗಳು ಹದಿನೆಂಟಕ್ಕೆ ಮನೆ ಬಿಟ್ಟಳು. ಹನ್ನೆರಡು ವರ್ಷ ಸುದ್ದಿಯಿಲ್ಲ. ಆಮೇಲೆ ಒಂದು ದಿನ ಅವಳೇ ಫೋನ್ ಮಾಡಿ ಕೆಲಸ ಕೊಟ್ಟಳು. ಏಟು ತಿನ್ನುವ ಕೆಲಸ.

ಅವಳು ಅನಿಮೆ ಎಂಬ ಜಪಾನಿ ಶೈಲಿಯ ಕಾರ್ಟೂನ್ ಸರಣಿಯೊಂದಕ್ಕೆ ಹೊಡೆದಾಟದ ಚಿತ್ರ ಬರೆಯುತ್ತಿದ್ದಳು. ಏಟು ಬಿದ್ದಾಗ ಕುತ್ತಿಗೆ ಹೇಗೆ ಹೊರಳುತ್ತದೆ, ಮೊಣಕಾಲು ಯಾವಾಗ ಕುಸಿಯುತ್ತದೆ ಎಂಬುದನ್ನು ಮೊದಲು ಕ್ಯಾಮೆರಾದಲ್ಲಿ ಹಿಡಿದು, ಆಮೇಲೆ ಬರೆಯುವುದು ಅವಳ ಕ್ರಮ. ನಾಯಕಿಯ ಕೋಲು ಅವಳ ಕೈಲಿ, ಖಳನ ಮೈ ಅಪ್ಪನದು. ಸುಳ್ಳುಸುಳ್ಳೇ ಬೀಳುವುದು ಅವನ ಜಾಯಮಾನದಲ್ಲೇ ಇಲ್ಲ. "ಬಿಗಿಯಾಗಿ ಬಾರಿಸೇ," ಎನ್ನುತ್ತಿದ್ದ. ಬೆನ್ನ ಮೇಲೆ ಬಾಸುಂಡೆ ಎದ್ದ ದಿನ ಅವನಿಗೆ ಒಳ್ಳೆಯ ನಿದ್ದೆ. ಮಾಡಿದ್ದುಣ್ಣುತ್ತಿದ್ದೇನೆ ಎಂಬ ಸಮಾಧಾನ. ಅದನ್ನು ಮಗಳಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಸರಣಿ ಮೂರು ದೇಶದವರ ಪಾಲುದಾರಿಕೆ: ಒಬ್ಬರದು ಕಥೆ, ಒಬ್ಬರದು ಟಿವಿ, ಒಬ್ಬರದು ಗೊಂಬೆ ವ್ಯಾಪಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ, ಇಲ್ಲಿ ಎಳೆಯುವವರು ಮೂವರು! ಕೊನೆಯ ಕಂತಿನಲ್ಲಿ ಖಳ ತಲೆಯೊಡೆದು ಸಾಯಲಿ ಎಂದರು ಕಥೆಯವರು. ಸಾಯಲಿ, ಆದರೆ ರಕ್ತ ಕಾಣಬಾರದು ಎಂದರು ಟಿವಿಯವರು. ಖಳನ ಗೊಂಬೆಯೇ ಹೆಚ್ಚು ಮಾರಾಟವಾಗುತ್ತಿದ್ದುದರಿಂದ, ಅವನು ಬಿದ್ದು ಮೇಲೆದ್ದರಷ್ಟೇ ಎರಡನೇ ಭಾಗ ಎಂದರು ಗೊಂಬೆಯವರು. ಮೂರನ್ನೂ ಚಿತ್ರಿಸಿ ಕಳಿಸಿ, ಆಮೇಲೆ ತೀರ್ಮಾನ ಎಂದರು ಎಲ್ಲರೂ.

ಖಳ ಬದುಕಲಿ ಎಂದು ಪೈಲ್ವಾನನಷ್ಟು ಆಸೆಪಟ್ಟವರಿಲ್ಲ. ಮಗಳು ಅವನ ಮುಖ ನೋಡುತ್ತಿದ್ದುದು ಚಿತ್ರೀಕರಣದ ಕೋಣೆಯಲ್ಲಿ ಮಾತ್ರ. ಸರಣಿ ನಿಂತರೆ ಅದೂ ನಿಂತಂತೆ.

ಮೂರು ಮುಕ್ತಾಯಕ್ಕೆ ಮೂರು ಏಟು. ಮೊದಲ ಏಟಿಗೆ ಹುಬ್ಬು ಸೀಳಿತು. ಎರಡನೆಯದಕ್ಕೆ ಹೆಗಲ ಕೀಲು ಜಾರಿತು. ಗೋಡೆಗೆ ಒತ್ತಿ ತಾನೇ ಕೂರಿಸಿಕೊಂಡ. ಮಗಳು ಕೋಲು ಎಸೆದಳು.

"ಸಾಕಪ್ಪ. ನನ್ ಕೈಲಾಗಲ್ಲ."

"ಏಳೋದು ಬಾಕಿ ಇದೆಯಲ್ಲೇ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲ್ಲ."

"ನಿನಗೆಲ್ಲಿದೆ ಮೀಸೆ?"

"ಮತ್ತಿನ್ನೇನು ಭಯ? ಹೊಡಿ."

"ಏಳ್ತೀಯ ತಾನೆ?"

"ನಿನ್ನಾಣೆ, ಏಳ್ತೀನಿ."

ಮೂರನೇ ಏಟು ಸೊಂಟಕ್ಕೆ ಬಿತ್ತು. ಲಟಕ್ಕೆಂದ ಸದ್ದು ಇಬ್ಬರಿಗೂ ಕೇಳಿಸಿತು. ಅವನು ಅಂಗೈ ಊರಿ ಎದೆಯನ್ನು ಒಂದು ಗೇಣು ಎತ್ತಿದ, ಕುಸಿದ. ಮತ್ತೆ ಊರಿದ, ಗದ್ದ ನೆಲಕ್ಕೆ ಅಪ್ಪಳಿಸಿ ಬಾಯಲ್ಲಿ ರಕ್ತ ಬಂತು. ಮಗಳು ಓಡಿ ಬಂದಳು. "ದೂರ ಹೋಗೇ, ಕ್ಯಾಮೆರಾ ನಡೀತಿದೆ," ಎಂದು ಗದರಿಸಿ ಮತ್ತೆ ಅಂಗೈ ಊರಿದ.

ಸರಣಿಯ ನಿರ್ದೇಶಕ ಆ ತುಣುಕನ್ನು ಹಾಗೆಯೇ ಮೂರೂ ದೇಶಕ್ಕೆ ಕಳಿಸಿದ. ಎರಡು ವರ್ಷದಲ್ಲಿ ಮೊದಲ ಸಲ ಮೂವರೂ ಒಪ್ಪಿದರು: ಖಳ ಹೀಗೇ, ಏಳಲಾರದೆ ಸಾಯಲಿ. ಹೀಗೆ ಸತ್ತ ಖಳನ ಗೊಂಬೆ ಇನ್ನೂ ಹೆಚ್ಚು ಮಾರಾಟವಾಗುತ್ತದೆ ಎಂದು ಗೊಂಬೆಯವರೂ ಸೇರಿಸಿದರು. ಸರಣಿ ಅಲ್ಲಿಗೆ ಮುಗಿಯಿತು.

ಕೊನೆಯ ಕಂತು ಬಂದ ದಿನ ಮಗಳು ಆಸ್ಪತ್ರೆಗೆ ಬಂದು, ಅವನ ಹಾಸಿಗೆಯ ಪಕ್ಕ ಕೂತು ಫೋನಿನಲ್ಲಿ ತೋರಿಸಿದಳು. ಮುಗಿದ ಮೇಲೆ ಅವಳು ಚೀಲ ಎತ್ತಿಕೊಂಡಳು.

"ಇನ್ನೊಂದ್ಸಲ ಹಾಕು," ಎಂದ ಪೈಲ್ವಾನ. "ಈ ಸಲ ಎದ್ರೂ ಏಳ್ಬಹುದು."